ಮಿಂಚಂಚೆಗೆ ಕಡಿವಾಣವೇಕೆ?

ನಾಡಿದ್ದಿನ ಪರೀಕ್ಷೆಯ ವೇಳೆ ಬದಲಾಗಿದೆಯೆಂದು ವಿಶ್ವವಿದ್ಯಾನಿಲಯವೊಂದು ತನ್ನ 6,000 ವಿದ್ಯಾರ್ಥಿಗಳಿಗೆ ಇ-ಮೇಲ್ ಮೂಲಕ ತಿಳಿಸಬೇಕಾಗಿದೆ ಎಂದು ಭಾವಿಸೋಣ. ಅಷ್ಟು ಪತ್ರಗಳನ್ನು ಸಿದ್ಧಪಡಿಸುವುದು ಗಣಕಯಂತ್ರಕ್ಕೆ ಅಲ್ಪಕಾಲದ ಕೆಲಸ. ಆದರೂ ವಿಳಾಸಪಟ್ಟಿಗೆ ಪತ್ರ ಹಂಚುವ ತಂತ್ರಾಂಶದ ವೇಗವನ್ನು ಬೇಕೆಂದೇ ತಗ್ಗಿಸುವುದುಂಟು. ಇದೇಕೆ?

ಪತ್ರವನ್ನು ಸ್ವೀಕರಿಸುವ ಸರ್ವರಿನ ಕಡೆಯಿಂದ ನೋಡಿದರೆ ಕಾರಣ ತಿಳಿಯುತ್ತದೆ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಗ್ಯಾರಿ ಥುರ್ಕ್ ಎಂಬವರು ಸುಮಾರು 400 ಮಂದಿಗೆ, ಅವರು ಬಯಸದ ಜಾಹೀರಾತೊಂದನ್ನು ಕಳುಹಿಸಿದರು. ಅಲ್ಲಿಂದ ಮೊದಲಾದ ಹಾವಳಿ ಬೆಳೆದು, ಒಂದೇ ಮೂಲದಿಂದ ಪತ್ರಗಳು ಹಠಾತ್ತನೆ ನುಗ್ಗಿ ಬಂದರೆ ಸರ್ವರುಗಳು ಇಂದು ಸಂಶಯದಿಂದ ನೋಡುತ್ತವೆ.

ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಸರ್ವರುಗಳು ಅಂಕೆಗಳ ಮೂಲಕ ಉತ್ತರ ಕೊಡುತ್ತವೆ. 5ರಿಂದ ಮೊದಲಾಗುವ ಉತ್ತರಕ್ಕೆ 'ಸ್ವೀಕರಿಸಲಾಗದು' ಎಂದರ್ಥ. 4ರಿಂದ ಮೊದಲಾದರೆ 'ಈಗ ಬೇಡ, ಅನಂತರ ಬಾ' ಎಂದರ್ಥ. ಹೀಗೆ ಹಿಂದಿರುಗಿದ ಪತ್ರವನ್ನು ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ತಡೆದು ಮತ್ತೆ ಕಳುಹಿಸಬೇಕೆಂದೂ, ನಾಲ್ಕೈದು ದಿನಗಳವರೆಗೆ ಪ್ರಯತ್ನವನ್ನು ಬಿಡಬಾರದೆಂದೂ 2008ರ ಪರಿಷ್ಕೃತ ನಿಯಮ ಹೇಳುತ್ತದೆ. ನಮ್ಮ ವಿದ್ಯಾರ್ಥಿಗೆ ಐದನೆಯ ದಿನ ಪತ್ರ ಬಂದು ಫಲವೇನು?

ಕಡಿವಾಣದ ಕ್ರಮ ಸರಳವಾದುದು. ಒಂದು ಪಾತ್ರೆಯೊಳಕ್ಕೆ ನಿಮಿಷಕ್ಕೆ 50ರಂತೆ ಬಿಲ್ಲೆಗಳು ಬೀಳುತ್ತಿವೆಯೆಂದು ಊಹಿಸೋಣ. ಹೊರಡುವ ಪ್ರತಿಯೊಂದು ಪತ್ರವೂ ಒಂದು ಬಿಲ್ಲೆಯನ್ನು ತೆರಬೇಕು. ಬಿಲ್ಲೆ ಇಲ್ಲವಾದರೆ ಸರದಿಯಲ್ಲಿ ಕಾಯಬೇಕು. ಪಾತ್ರೆ ತುಂಬಿದ ಮೇಲೆ ಬೀಳುವ ಬಿಲ್ಲೆಗಳು ಹೊರಚೆಲ್ಲಿ ವ್ಯರ್ಥವಾಗುತ್ತವೆ. ಆದುದರಿಂದ ತಂತ್ರಾಂಶವು ದಿನವೆಲ್ಲ ಸುಮ್ಮನಿದ್ದರೂ, ಆಮೇಲೆ ಒಮ್ಮೆಗೇ ಹೊರಡಬಲ್ಲ ಪತ್ರಗಳ ಸಂಖ್ಯೆ ಪಾತ್ರೆಯ ಅಳತೆಯನ್ನು ಮೀರದು.

ಒಟ್ಟು ಸಂಖ್ಯೆಗೆ ಮಿತಿಯಿಟ್ಟರೆ ಸಾಲದು. 6,000 ವಿಳಾಸಗಳಲ್ಲಿ 4,000 ಒಂದೇ ಅಂಚೆಸೇವೆಗೆ ಸೇರಿದ್ದರೆ ಹೊರೆಯೆಲ್ಲ ಅಲ್ಲಿಯೇ ಬೀಳುತ್ತದೆ. ಆದುದರಿಂದ ಒಂದೊಂದು ಗಮ್ಯಸ್ಥಾನಕ್ಕೂ ಪ್ರತ್ಯೇಕ ಮಿತಿ ಬೇಕು. ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ಯಾರೂ ಬದಲಾಯಿಸದಿದ್ದರೆ, ಒಂದು ಗಮ್ಯಸ್ಥಾನಕ್ಕೆ ಮೊದಲು 5 ಸಂಪರ್ಕಗಳು ಮಾತ್ರ ತೆರೆಯುತ್ತವೆ. ಪತ್ರಗಳು ತಡೆಯಿಲ್ಲದೆ ಸಲ್ಲುತ್ತಿದ್ದರೆ ಆ ಸಂಖ್ಯೆ ಮೆಲ್ಲನೆ 20ಕ್ಕೆ ಏರುತ್ತದೆ.

ನಿಮಿಷಕ್ಕೆ 50ರಂತೆ 6,000 ಪತ್ರಗಳು ಹೊರಡಲು ಎರಡು ಗಂಟೆ ಬೇಕು. ಆತುರಗಾರನಿಗೆ ಇದು ದೀರ್ಘವೆನಿಸಬಹುದು. ಆದರೆ ಸರದಿಯ ಕೊನೆಯಲ್ಲಿರುವ ವಿದ್ಯಾರ್ಥಿಗೂ ಪರೀಕ್ಷೆಗೆ ಮೊದಲೇ ಸುದ್ದಿ ಮುಟ್ಟುವ ಭರವಸೆ ಈ ಎರಡು ಗಂಟೆಗಳಲ್ಲಿಯೇ ಇದೆ.