ಮೊಣಕಾಲಿನ ನೋವಿಗೆ ಮನಸ್ಸಿನ ಔಷಧಿಯೇ?

ಜಯನಗರದಲ್ಲಿರುವ ನಮ್ಮ ಸೋದರತ್ತೆಯವರಿಗೆ ಮೊಣಕಾಲಿನ ಕೀಲು ಸವೆದು ಬಹುಕಾಲದ ನೋವು. ನಿದ್ರೆ ಕೆಟ್ಟಿತು, ಯಾರೊಡನೆಯೂ ಮಾತು ಬೇಡವಾಯಿತು. ವೈದ್ಯರು ಡುಲಾಕ್ಸೆಟಿನ್ ಗುಳಿಗೆಯನ್ನು ಬರೆದುಕೊಟ್ಟರು. ಅದು ಖಿನ್ನತೆಯ ಔಷಧಿಯೆಂದು ತಿಳಿದೊಡನೆ, "ನೋಯುವುದು ಕಾಲು ಕಣಪ್ಪಾ, ನನಗೇನು ಹುಚ್ಚೇ?" ಎಂದು ದೂರವಿಟ್ಟರು. ನಿಮ್ಹಾನ್ಸ್ ಸಂಸ್ಥೆಗೆ ಇಷ್ಟು ಸಮೀಪದಲ್ಲಿಯೂ ಈ ಅಳುಕು ಉಳಿದಿರುವುದು ಸೋಜಿಗವೇ ಸರಿ.

ನೋವಿನ ಸುದ್ದಿಯು ಮೊಣಕಾಲಿನಿಂದ ಮಿದುಳಿಗೆ ಏರುವುದಷ್ಟೇ ಅಲ್ಲ. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿಯುವ ನರಗಳೂ ಉಂಟು. ಇವು ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ, ರೇಡಿಯೋದ ಗುಂಡಿ ತಿರುಗಿಸಿ ಧ್ವನಿಯನ್ನು ತಗ್ಗಿಸುವಂತೆ, ಏರುವ ಸುದ್ದಿಯನ್ನು ತಗ್ಗಿಸಬಲ್ಲವು. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿಯೇ ಪ್ರತಿಪಾದಿಸಿದ್ದರು. ಮನಃಸ್ಥಿತಿಯಲ್ಲಿಯೂ ಇವೇ ರಾಸಾಯನಿಕಗಳ ಪಾತ್ರವಿದೆ. ನರಗಳ ತುದಿಗಳು ಇವನ್ನು ಬೇಗನೆ ಮರಳಿ ಹೀರಿಕೊಳ್ಳದಂತೆ ಡುಲಾಕ್ಸೆಟಿನ್ ತಡೆಯುತ್ತದೆ. ಆದ್ದರಿಂದಲೇ ಖಿನ್ನತೆಯಿಲ್ಲದವರಲ್ಲಿಯೂ ನೋವು ತಗ್ಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ, ದೀರ್ಘಕಾಲದ ಮೂಳೆ-ಸ್ನಾಯುಗಳ ನೋವಿಗೂ ಇದನ್ನು ಅಂಗೀಕರಿಸಿತು.

ಸವೆದ ಮೃದ್ವಸ್ಥಿಯನ್ನು ಇದು ಮತ್ತೆ ಬೆಳೆಸದು. ಉಪಶಮನವೂ ಸಾಮಾನ್ಯವಾಗಿ ಅಲ್ಪವೇ. ಅದಕ್ಕೂ ಕೆಲವು ವಾರ ಕಾಯಬೇಕು. ವಾಕರಿಕೆ ಬರಬಹುದು. ಬೇರೆ ಔಷಧಿಗಳೊಡನೆ ಹೊಂದುವುದೇ ಎಂಬುದನ್ನು ವೈದ್ಯರೇ ನೋಡಬೇಕು. ಸೇವಿಸುತ್ತಿರುವವರು ಥಟ್ಟನೆ ನಿಲ್ಲಿಸಲೂಬಾರದು.

ಅತ್ತೆಯವರಿಗೆ ರೇಡಿಯೋದ ಉಪಮಾನವನ್ನೇ ಹೇಳಿದೆವು. "ಹಾಗಾದರೆ ನನ್ನ ನೋವು ನಿಜ ತಾನೆ?" ಎಂದರು. ನಿಜವೇ ಎಂದೆವು. ವೈದ್ಯರನ್ನು ಮತ್ತೊಮ್ಮೆ ಕಾಣಲು ಒಪ್ಪಿದ್ದಾರೆ.