ನಿಮಗಿದು ಗೊತ್ತೆ? ಭಾಗವತರ ಪಕ್ಕದ ಪುಟ್ಟ ಪೆಟ್ಟಿಗೆ

ಉಡುಪಿ ಸೀಮೆಯ ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಊದುತ್ತಿದ್ದುದು ಸೋರೆಬುರುಡೆಯ ಪುಂಗಿ. ಆಮೇಲೆ ಹಾರ್ಮೋನಿಯಂ ಬಂತು. ಈಗ ಹಾಡುವ ಭಾಗವತರ ಬಳಿ ಇರುವುದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಗುಂಡಿ ತಿರುಗಿಸಿದರೆ ಸಾಕು, ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಕಪ್ಪು ಎರಡೋ ಬಿಳಿ ಐದೋ, ಬೇಕಾದ ಶ್ರುತಿ ಸಿದ್ಧ. ಪುಂಗಿಯ ನಾದ ಮರೆಯಾದದ್ದು ಮಾತ್ರ ನಷ್ಟವೇ.

ಇದರಂತೆಯೇ ಶ್ರುತಿ ಕೊಡುವ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲೇ ರೂಪಿಸಿದವರು ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್. ಅವರು ಎಂಜಿನಿಯರ್, ಕೊಳಲು ವಾದಕರೂ ಹೌದು.

ರಾಕ್ ಗಿಟಾರ್ ವಾದಕರ ಡಿಜಿಟಲ್ ಆಂಪ್ ಮಾಡೆಲರ್ ಈ ಶ್ರುತಿ ಪೆಟ್ಟಿಗೆಯ ದೂರದ ನೆಂಟ. ವಾಲ್ವ್ ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆಗಳ ದನಿಯನ್ನು ಅದು ಬರೀ ಲೆಕ್ಕಾಚಾರದಿಂದಲೇ ಹೊರಡಿಸುತ್ತದೆ. 2011ರಲ್ಲಿ ಬೆಂಗಳೂರಿಗೆ ಬಂದಿದ್ದ ಮೆಟಾಲಿಕಾ ರಾಕ್ ತಂಡ 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ ಇಂಥ ಮಾಡೆಲರ್ ಬಳಸಿ ನುಡಿಸಿದಾಗ ವೇದಿಕೆಯಲ್ಲಿ ಗಿಟಾರ್ ಸ್ಪೀಕರ್‌ಗಳೇ ಇರಲಿಲ್ಲ; ಪ್ರೇಕ್ಷಕರು ಕೇಳಿದ್ದು ಹೆಡ್‌ಫೋನ್‌ನಲ್ಲಿ.