ತಪ್ಪಿಹೋಗುವ ಭಯ, ತಪ್ಪಿಹೋಗುವ ನಿದ್ರೆ

ಕೆಲವು ತಿಂಗಳ ಹಿಂದೆ ಐವತ್ತರ ಆಸುಪಾಸಿನ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಉಂಡ ಅನ್ನ ಅರಗದು, ಹೊಟ್ಟೆಯುಬ್ಬರ, ನಡುರಾತ್ರಿಯವರೆಗೂ ನಿದ್ರೆ ಹತ್ತದು ಎಂಬುದು ಅವರ ದೂರು. ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆಯ ಅವರ ಆಹಾರದಲ್ಲಿ ದೋಷವೇನೂ ಕಾಣಲಿಲ್ಲ. ನಿದ್ರೆ ಬಾರದಾಗ ಏನು ಮಾಡುವಿರೆಂದು ಕೇಳಿದೆವು. "ಮೊಬೈಲಿನಾಗ ಎಲ್ಲಾರ ಸ್ಟೇಟಸ್ ನೋಡತೀನ್ರಿ" ಎಂದರು.

ನಾಲ್ಕು ವರ್ಷಗಳಿಂದ ಹಾಸಿಗೆ ಹಿಡಿದಿರುವ ಅತ್ತೆಯವರ ಶುಶ್ರೂಷೆ ಅವರ ಪಾಲಿಗೆ ಬಂದಿದೆ. ತಂಗಿಯರ ಕಾಶಿಯಾತ್ರೆ, ಓರಗಿತ್ತಿಯ ಮನೆಯ ತೊಟ್ಟಿಲ ಸಮಾರಂಭ, ಗೆಳತಿಯರ ಪ್ರವಾಸ, ಎಲ್ಲವನ್ನೂ ಅವರು ಕಂಡದ್ದು ಅಂಗೈಯಗಲದ ಪರದೆಯಲ್ಲಿ. "ಎಲ್ಲಾರೂ ಹೋಗಿ ಬರ್ತಾರ್ರಿ, ನಾ ಒಬ್ಬಾಕಿನ ಇಲ್ಲೇ ಉಳದೀನ್ರಿ" ಎಂದು ಅತ್ತರು. ನಾವು ತಡೆಯಲಿಲ್ಲ.

ಅನ್ಯರು ಸವಿಯುತ್ತಿರುವುದು ತನಗೆ ತಪ್ಪಿಹೋಗುತ್ತಿದೆ ಎಂಬ ಈ ಕಳವಳವನ್ನು ಇಂದಿನವರು 'ಫೋಮೋ' ಎನ್ನುತ್ತಾರೆ. ಇದು ಎಳೆಯರ ರೋಗವೆಂಬ ಎಣಿಕೆ ಸರಿಯಲ್ಲ. ಹೆಸರು ಹೊಸದಾದರೂ ಬೇನೆ ಹಳೆಯದು.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ವೇಗಗಳನ್ನು ಎರಡಾಗಿ ವಿಂಗಡಿಸುತ್ತದೆ. ತಡೆಯಬಾರದ ಹದಿಮೂರು ವೇಗಗಳಲ್ಲಿ ಹಸಿವು, ನಿದ್ರೆ, ಕಣ್ಣೀರು ಸೇರಿವೆ. ತಡೆಯಬೇಕಾದವುಗಳಲ್ಲಿ ಲೋಭ, ಭಯ, ಈರ್ಷ್ಯೆ, ಪರರದನ್ನು ಬಯಸುವ ಆಸೆ ಇವೆ. ರಾತ್ರಿ ಮೊಬೈಲ್ ಹಿಡಿದು ಕುಳಿತವರು ಮಾಡುವುದು ಇದಕ್ಕೆ ತದ್ವಿರುದ್ಧ: ಬರುವ ನಿದ್ರೆಯನ್ನು ತಡೆಯುತ್ತಾರೆ, ಬಾರದಿರಬೇಕಾದ ಈರ್ಷ್ಯೆಗೆ ದಾರಿ ಬಿಡುತ್ತಾರೆ. ಸಹಪಾಠಿಗಳ ಸಮ್ಮಿಲನಕ್ಕೆ ಹೋಗಲಾಗದ ವರ್ಷ ಅದರ ಚಿತ್ರಗಳನ್ನು ನೋಡುತ್ತ ನಾವೂ ಒಂದು ರಾತ್ರಿ ನಿದ್ರೆಗೆಟ್ಟವರೇ.

ಪಥ್ಯವಾದ ಅನ್ನವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ರಾಭಂಗಗಳಿದ್ದರೆ ಅದು ಜೀರ್ಣವಾಗದೆಂದು ಚರಕರು ವಿಮಾನಸ್ಥಾನದಲ್ಲಿ ಹೇಳಿದ್ದಾರೆ. ರಾತ್ರಿ ಜಾಗರಣೆಯಿಂದ ದೇಹದಲ್ಲಿ ರೂಕ್ಷತೆ ಹೆಚ್ಚಿ ವಾತ ಕೆರಳುತ್ತದೆ. ಆ ತಾಯಿಯ ಅಜೀರ್ಣದ ಮೂಲ ಹೊಟ್ಟೆಯಲ್ಲಿರಲಿಲ್ಲ.

ಆದರೆ ಅವರ ದುಃಖವೆಲ್ಲ ಈರ್ಷ್ಯೆಯೆಂದು ಬಗೆಯುವುದು ಅನ್ಯಾಯ. ನಾಲ್ಕು ವರ್ಷ ಬಿಡುವಿಲ್ಲದೆ ದುಡಿದ ಜೀವಕ್ಕೆ ವಿಶ್ರಾಂತಿಯ ಹಸಿವು ಸಹಜ. ಆ ಹಸಿವನ್ನೂ ತಡೆಯಬಾರದು. ಆದ್ದರಿಂದ ಅವರ ಪತಿಯನ್ನು ಕರೆಸಿ, ತಿಂಗಳಿಗೆ ಎರಡು ದಿನ ತಾಯಿಯ ಸೇವೆಯನ್ನು ತಾವೇ ನೋಡಿಕೊಳ್ಳಬೇಕೆಂದು ತಿಳಿಸಿದೆವು. ನಮ್ಮ ಔಷಧಚೀಟಿಯ ಮೊದಲ ಸಾಲು ಅದೇ ಆಗಿತ್ತು. ಎರಡು ತಿಂಗಳ ನಂತರ ಆ ತಾಯಿ ಬಂದಾಗ ಮುಖದಲ್ಲಿ ಕಳೆಯಿತ್ತು. ತವರಿಗೆ ಹೋಗಿ ಬಂದಿದ್ದರು. ಹನ್ನೊಂದಕ್ಕೆ ಮೊದಲೇ ನಿದ್ರೆ ಬರುತ್ತಿದೆಯೆಂದರು.

ಇಂತಹ ಕಳವಳವುಳ್ಳವರು ಈ ಕ್ರಮಗಳನ್ನು ಪಾಲಿಸಬಹುದು:

1. ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಯುವವರೆಗೆ ಮುಟ್ಟಬೇಡಿ.

2. ಮನಸ್ಸಿಟ್ಟು ಉಣ್ಣಿರಿ. ಊಟದ ಜಾಗಕ್ಕೆ ಮೊಬೈಲ್ ಬಾರದಿರಲಿ.

3. ರಾತ್ರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲುಗಳನ್ನು ಹದವಾಗಿ ತಿಕ್ಕಿರಿ. ಮಧುಮೇಹಿಗಳು ಎಣ್ಣೆಯ ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಲಿ. ಪಾದದಲ್ಲಿ ಗಾಯವಿದ್ದರೆ ಬೇಡ.

4. ಸ್ಟೇಟಸ್ ನೋಡುವ ಬದಲು ದಿನಕ್ಕೊಬ್ಬರಿಗೆ ಕರೆಮಾಡಿ ಮಾತನಾಡಿ. ಚಿತ್ರದಲ್ಲಿ ನಗುವವರ ಮನೆಯಲ್ಲೂ ಕಷ್ಟಗಳಿರುವುದು ಆಗ ತಿಳಿಯುತ್ತದೆ.

5. ಮನೆಯಲ್ಲಿ ರೋಗಿಯ ಸೇವೆಯಲ್ಲಿರುವವರಿಗೆ ಉಳಿದವರು ಸರದಿಯಂತೆ ಬಿಡುವು ಕೊಡಿ.

ಹಲವು ವಾರಗಳಾದರೂ ನಿದ್ರೆ ಬಾರದಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ಮನೆಮದ್ದಿಗೆ ಕಾಯದೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಲೋಕದ ಎಲ್ಲ ಜಾತ್ರೆಗಳಿಗೂ ಹೋಗಿಬಂದವರು ಯಾರೂ ಇಲ್ಲ. ಕಾಣದ ಜಾತ್ರೆಗಾಗಿ ಕಳೆದುಕೊಂಡ ರಾತ್ರಿಯ ನಿದ್ರೆ ಮಾತ್ರ ನಿಜವಾದ ನಷ್ಟ.